ಮೆಮೊರಿ ಸಾಲದು

ಕೊವಿಲ್ಯಾದ ಉಣ್ಣೆ ಗಿರಣಿಯ ಬಣ್ಣದ ಮನೆಯಲ್ಲಿ
ರಾತ್ರಿ ಹನ್ನೊಂದು.
ಈ ಡಬ್ಬಿಯ ಲೆಕ್ಕದಲ್ಲಿ ಮಾತ್ರ
ಸಾವಿರದ ಒಂಬೈನೂರ ಎಂಬತ್ತು, ಜನವರಿ ಒಂದು.
ಒಳಗಿನ ಗುಂಡಿಯಷ್ಟಗಲದ ಬ್ಯಾಟರಿ ಸತ್ತು
ಕಾಲ ಅಲ್ಲೇ ಕೂತುಬಿಟ್ಟಿದೆ,
ಎಬ್ಬಿಸಿದರೂ ಮತ್ತೆ ಅಲ್ಲೇ ಕೂರುತ್ತದೆ.

ಗಿರಣಿಯದು ಹೋದ ವಾರ ಸುಟ್ಟುಹೋಯಿತು.
ಇದು ಶಾಲೆಯವರು ಎಸೆದದ್ದು; ಹಳೆಯದೇ,
ಆದರೆ ಬೇಕಾದಷ್ಟು ಹಳೆಯದಲ್ಲ.
ಬಣ್ಣದ ತೂಕ ಹೇಳುವ ಪ್ರೋಗ್ರಾಮಿಗೆ
ವಿಂಡೋಸ್ ತೊಂಬತ್ತೆಂಟೇ ಆಗಬೇಕು,
ಬೇರೆ ಯಾವುದನ್ನು ಹಿಡಿದರೂ
ಕಷಾಯ ಕಂಡ ಕೂಸಿನ ಹಾಗೆ ಬಾಯಿ ಬಿಗಿಯುತ್ತದೆ.

ಮೇಸ್ತ್ರಿ ಬೆಲಾರ್ಮಿನೊ ಸ್ಟೂಲಿನ ಮೇಲೆ,
ಉಗುರಿನ ಬುಡದಲ್ಲಿ ಐವತ್ತು ವರ್ಷದ ನೀಲಿ.
'ಆಯಿತೇ, ಜುಲ್ಮೀರಾ?'
ಗಂಟೆಗೊಮ್ಮೆ ಕೇಳುತ್ತಾರೆ, ಬೇಳೆ ಬೆಂದಿತೇ ಎಂಬಂತೆ.

ಮೊದಲ ಫ್ಲಾಪಿ ಓದಿತು. ಎರಡನೆಯದಕ್ಕೆ ಗೊರಗೊರ.
ತೆಗೆದು, ಊದಿ, ಅಂಗೈಗೆ ತಟ್ಟಿ ಮತ್ತೆ ತುರುಕಿದೆ;
ಇದಕ್ಕೆ ಶಾಸ್ತ್ರವಿಲ್ಲ, ರೂಢಿ ಅಷ್ಟೆ.
ಆಮೇಲೆ ಇಪ್ಪತ್ತೈದು ಅಕ್ಷರದ ಕೀ ಕೇಳಿತು.
ಸುಟ್ಟ ಡಬ್ಬಿಯ ಬೆನ್ನಿನ ಚೀಟಿ ಮಾಸಿದೆ,
ಹನ್ನೊಂದನೆಯದು ಎಂಟೋ, ಬಿಯೋ?

ಬೆಲಾರ್ಮಿನೊ ಎದ್ದು ಚೀಟಿಯನ್ನು
ಬಣ್ಣ ಹೋಲಿಸುವ ಪೆಟ್ಟಿಗೆಯೊಳಗಿಟ್ಟರು.
ಹಗಲಿನ ದೀಪ. ಅಂಗಡಿಯ ದೀಪ.
ಕೊನೆಗೆ ನೇರಳೆ ದೀಪ:
ಕಾಗದ ಬೆಳ್ಳಗೆ ಉರಿಯಿತು, ಮಸಿ ಕಪ್ಪಗೆ ನಿಂತಿತು.
'ಎಂಟು' ಎಂದರು. 'ಸೊಂಟ ನೋಡು.
ಬಿಗೆ ಬೆನ್ನು ನೆಟ್ಟಗಿರುತ್ತದೆ.'

ಫೈಲುಗಳು ಇಳಿದವು, ತೊಟ್ಟು ತೊಟ್ಟಾಗಿ.
ಆಫಾಗಿ, ಆನಾಗಿ,
ಕಪ್ಪು ಪರದೆಯ ಮೇಲೆ ಒಂದು ಬಿಳಿ ಸಾಲು:
ಮೆಮೊರಿ ಸಾಲದು.

ಸಾಲದೇ!
ಒಂದು ಗಿಗಾಬೈಟ್ ಇದೆ ಇದರ ಹೊಟ್ಟೆಯಲ್ಲಿ,
ತೊಂಬತ್ತೆಂಟರಲ್ಲಿ ಇಡೀ ಗಿರಣಿಗೆ ಇಷ್ಟಿರಲಿಲ್ಲ.
ಕೇಬಲ್ ಬದಲಿಸಿದೆ. ಸೌಂಡ್ ಕಾರ್ಡ್ ಕಿತ್ತೆ.
ಡಿಸ್ಕ್ ಒರೆಸಿ ಮೂರು ಸಲ ಮೊದಲಿಂದ,
ಮೂರು ಸಲವೂ ಅದೇ ಹಸಿವಿನ ಮಾತು.
ಎರಡೂವರೆಗೆ ಹೊಳೆಯಿತು: ಇದು ಹಸಿವಲ್ಲ, ಅಜೀರ್ಣ.
ಇಷ್ಟೊಂದು ಇರಬಹುದೆಂದು ಅಂದು ಯಾರೂ ಎಣಿಸಿರಲಿಲ್ಲ,
ಹೆಚ್ಚಾಯಿತು ಎನ್ನಲು ಇದಕ್ಕೆ ಮಾತು ಕಲಿಸಿಲ್ಲ;
ಗೊತ್ತಿದ್ದ ಒಂದೇ ದೂರನ್ನು ಹೇಳುತ್ತಿದೆ.

ಎರಡು ಪಟ್ಟಿಗಳಲ್ಲಿ ಒಂದನ್ನು ಕಿತ್ತು
ಕೋಟಿನ ಜೇಬಿಗೆ ಹಾಕಿಕೊಂಡೆ.
ಎದ್ದಿತು.
ನೀಲಿ ಆಕಾಶ, ಮೋಡ, ಆಮೇಲೆ ಪರದೆ ತುಂಬ
ಹದಿನಾರೇ ಹದಿನಾರು ಬಣ್ಣ.
ಬೆಲಾರ್ಮಿನೊ ನಕ್ಕರು, ಕೆಮ್ಮು ಬರುವಷ್ಟು:
'ಹದಿನಾರು! ನನ್ನ ಕಪ್ಪುಗಳೇ ಮೂವತ್ತಿವೆ.'

ಬಿಸ್ಕತ್ತಿನ ಡಬ್ಬದಲ್ಲಿದ್ದ ಬ್ಯಾಕಪ್ ಸಿಡಿ ಓಡಿತು.
ಸಾವಿರದ ನೂರು ಚಿಲ್ಲರೆ ಬಣ್ಣಗಳು, ಒಂದೂ ಕಳೆದಿಲ್ಲ.
ನಾನೂರ ಹದಿನೇಳು ತೆರೆಯಲು ಹೇಳಿದರು,
ಬೆಟ್ಟದ ಕುರಿಗಾಹಿಗಳ ಕಂಬಳಿಯ ಅಂಚಿನ ಕಂದು.
ಕನ್ನಡಕ ಏರಿಸಿ ಓದಿ
'ತಪ್ಪು' ಎಂದರು.

ನನ್ನ ಎದೆ ಧಸಕ್ಕೆಂದಿತು. ಫೈಲ್ ಕೆಟ್ಟಿತೇ?
'ಇಲ್ಲ, ನಾನೇ ತಪ್ಪು ಬರೆಸಿದ್ದು.
ನನ್ನ ನೋಟುಪುಸ್ತಕಗಳನ್ನೆಲ್ಲ ಇದಕ್ಕೆ ಏರಿಸಿಕೊಂಡು
ಬಾಯ್ಲರಿಗೆ ಹಾಕಿದರಲ್ಲ, ಆಗ
ಒಂದು ಅಂಕಿ ಒಳಗಿಟ್ಟುಕೊಂಡೆ.
ಎಲ್ಲ ಕೊಟ್ಟಿದ್ದರೆ ಮರುದಿನ ನಾನೂ ಬಾಯ್ಲರಿಗೇ.'
ಅಂದಿನಿಂದ ಪ್ರತಿ ಕೊಪ್ಪರಿಗೆಗೂ
ಯಾರೂ ನೋಡದಾಗ ಒಂದು ಚಿಟಿಕೆ, ಕೈಯಿಂದ.

ಶುಕ್ರವಾರ ಅವರ ಕೊನೆಯ ಪಾಳಿ.

'ಆ ಕಡೆ ತಿರುಗು' ಎಂದರು.
ಗೋಡೆಗೆ ಮುಖ ಮಾಡಿ ನಿಂತೆ,
ಜೇಬಿನಲ್ಲಿ ಕಿತ್ತ ಪಟ್ಟಿಯ ಹಲ್ಲು ಸವರುತ್ತ.
ಹಿಂದೆ ಕೀಲಿಮಣೆ: ಒಂದು. ಸುಮ್ಮನೆ. ಇನ್ನೊಂದು.
ಆಮೇಲೆ ಅಳಿಸುವ ಗುಂಡಿ, ಬೇಕಾದ್ದಕ್ಕಿಂತ ಹೆಚ್ಚು ಸಲ.
ಮತ್ತೆ ಒಂದು.
ಎಂಟರ್ ಒತ್ತಿದರೋ ಇಲ್ಲವೋ
ಕೇಳಿಸಲಿಲ್ಲ. ಕೆಳಗೆ
ಬೆಳಗಿನ ಪಾಳಿಯವರು ಬಾಯ್ಲರ್ ಹಚ್ಚುತ್ತಿದ್ದರು.